ಕದ್ದ ಕಡ್ಡಿ

ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ವಾರಿಜ ಕಿಟಕಿಯ ಪಕ್ಕ ಕೂತು ವಾರವಾಗಿತ್ತು. ಹೊರಗೆ ಬಿಡದೆ ಸುರಿಯುವ ಜಡಿಮಳೆ, ಒಳಗೆ ನೋಡಲು ಬರುವವರ ಸಾಲು. ಬಚ್ಚಲಲ್ಲಿ ಜಾರಿಬಿದ್ದ ಕತೆಯನ್ನು ಹೇಳಿ ಹೇಳಿ ಅವಳಿಗೆ ಬಾಯಿ ನೋಯುತ್ತಿತ್ತು. ಬಂದವರು "ಅಯ್ಯೋ ಪಾಪ" ಅನ್ನುವರು, ಕಾಫಿ ಕುಡಿಯುವರು, ಹೋಗುವಾಗ ಕೊಡೆಯ ಮರೆಯಲ್ಲಿ ಅಂಗಳದ ಗಿಡದಿಂದ ಒಂದು ಕಡ್ಡಿ ಮುರಿದುಕೊಂಡು ಹೋಗುವರು.

"ಕಳ್ಳಮುಂಡೇವು! ಇವರ ಕೈ ಸೇದಿಹೋಗ!" ವಾರಿಜ ಗಂಡನ ಮೇಲೆ ಹರಿಹಾಯ್ದಳು. "ನನ್ನ ಗುಲಾಬಿ ಗಿಡ ಬೋಳಾಗೋಯ್ತು. ನೀವು ಹೋಗಿ ಗೇಟಿನ ಹತ್ರ ನಿಂತ್ಕೊಳ್ಳಿ."

"ಹೋಗ್ಲಿ ಬಿಡೆ. ಕೇಳಿ ತಂದ ಗಿಡ ಬದುಕಲ್ಲ, ಕದ್ದು ತಂದಿದ್ದೇ ಚಿಗುರೋದು ಅಂತಾರಲ್ಲ."

"ಯಾವ ಶಾಸ್ತ್ರದಲ್ಲಿದೆ ಅದು? ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"

ಅಷ್ಟರಲ್ಲಿ ಹಿಂದಿನ ಬೀದಿಯ ಟೀಚರಮ್ಮ ಬಂದರು. ಕಾಲಿನ ನೋವು ಹೇಗಿದೆಯೆಂದು ವಿಚಾರಿಸಿದರು. ಕಾಫಿ ಬೇಡವೆಂದರು. ಗಿಡಗಳ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ನೀವೊಬ್ರೇ ನೋಡಿ ಮರ್ಯಾದಸ್ಥರು," ಎಂದಳು ವಾರಿಜ, ಇನ್ನೂ ಕುದಿಯುತ್ತಲೇ. "ಮಿಕ್ಕೋರೆಲ್ಲ ಕಂಡೋರ ಗಿಡಕ್ಕೆ ಕೈ ಹಾಕೋರೇ."

ಟೀಚರಮ್ಮ ತಮ್ಮ ಚೀಲದಿಂದ ಕೆಸರು ಮೆತ್ತಿದ ಚಪ್ಪಲಿಯೊಂದನ್ನು ತೆಗೆದು ಅವಳ ಮುಂದಿಟ್ಟರು.

"ಹೋದ ಶುಕ್ರವಾರ ನಮ್ಮ ಕಾಂಪೌಂಡ್ ಒಳಗೆ, ಹಳದಿ ದಾಸವಾಳದ ಬುಡದಲ್ಲಿ ಸಿಕ್ತು. ಇದರ ಜೋಡಿ ನಿಮ್ಮ ಬಾಗಿಲಲ್ಲಿದೆ. ಯಾಕಮ್ಮಾ, ಕೇಳಿದ್ರೆ ನಾನು ಕೊಡ್ತಿರ್ಲಿಲ್ವಾ?"