ಭದ್ರವಾದ ಜಾಗ

ಆ ಹಳೆಯ ಕಂಪ್ಯೂಟರ್ ಆನ್ ಆಗುವಷ್ಟರಲ್ಲಿ ಅನ್ನ ಬೆಂದಿರುತ್ತಿತ್ತು.

“ಸಂಜೆಯೊಳಗೆ ಒಂದು ಮೇಲ್ ಕಳಿಸ್ಲೇಬೇಕು. ಹೇಗಾದ್ರೂ ಮಾಡಿ ಇದನ್ನ ಓಡಿಸ್ರೀ, ಕೈ ಮುಗೀತೀನಿ,” ಎಂದಳು ಹೆಂಡತಿ.

ಗಂಡ ಫ್ಯಾನಿಗೆ ಮೆತ್ತಿದ್ದ ಧೂಳು ತೆಗೆದ. ಹಳೆಯ ಆಟ, ಸಿನಿಮಾಗಳನ್ನೆಲ್ಲ ಅಳಿಸಿದ.

“ನೋಡೀಗ, ಕುದುರೆ ಥರ ಓಡ್ತಿದೆ.”

ಅವಳು ಪರದೆಯ ಮೂಲೆಯಲ್ಲಿದ್ದ ಕಸದ ಬುಟ್ಟಿಯನ್ನು ಒತ್ತಿದಳು. ಒಳಗೆ ಏನೂ ಇರಲಿಲ್ಲ.

“ಇದರಲ್ಲಿದ್ದಿದ್ದು ಎಲ್ಲಿ?”

“ಅದನ್ನೇ ಮೊದಲು ಖಾಲಿ ಮಾಡಿದ್ದು. ಇನ್ನು ವಾಪಸ್ ಬರಲ್ಲ. ಯಾಕೆ?”

“ನನ್ನ ಕಾದಂಬರಿ ಅದರಲ್ಲಿತ್ತು.”

“ಕಸದ ಬುಟ್ಟೀಲಿ ಯಾರಾದ್ರೂ ಕಾದಂಬರಿ ಇಡ್ತಾರೇನೇ?”

“ಹೋದ ಸಲ ಬರೆದಿದ್ದನ್ನ ನೆಂಟರ ಮುಂದೆ ಓದಿ ನಕ್ಕಿದ್ರಿ. ನಿಮ್ಮ ಕೈಗೆ ಸಿಗದ ಜಾಗ ಬೇಕಿತ್ತು.” ಅವಳು ಅಡುಗೆಮನೆಯತ್ತ ಕೈ ತೋರಿಸಿದಳು. “ಮದುವೆಯಾದಾಗಿಂದ ನೀವು ಒಂದ್ಸಲಾನೂ ಕಸದ ಬುಟ್ಟಿ ಮುಟ್ಟಿದವರಲ್ಲ.”