ಬೆಂಕಿಯಲ್ಲಿ ಕುಗ್ಗಿದ ಮೂಳೆ

ಗಂಡನನ್ನು ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಕೋರಾ, ಪ್ರೂಯಿಟ್ ಮುದುಕಿಯ ಟ್ರೈಲರ್ ಮನೆಯ ಬಾಗಿಲು ತಟ್ಟಿದಳು.

"ಒಳಗೆ ಬಾ ಅನ್ನಲ್ಲ," ಎಂದಳು ಮುದುಕಿ. "ಅಲ್ಲೇ ನಿಂತು ಹೇಳು."

ಕೋರಾ ಮೆಟ್ಟಿಲ ಮೇಲೆಯೇ ನಿಂತಳು. ಕಾಡ್ಗಿಚ್ಚು ಊರನ್ನು ತಿಂದು ಮೂರು ವರ್ಷವಾಗಿತ್ತು. ಬೆಂಕಿ ಆರಿದ ಮೇಲೆ ಕಣಿವೆಯ ರಸ್ತೆಯಲ್ಲಿ ಯಾರದೋ ಮೂಳೆಗಳು ಸಿಕ್ಕವು. ವಿಶ್ವವಿದ್ಯಾಲಯದವರು ಅಳೆದು ನೋಡಿ ಹೆಣ್ಣು ಎಂದರು. ಆ ಕಡೆ ಕಾಣೆಯಾದ ಹೆಣ್ಣು ಒಬ್ಬಳೇ, ಪ್ರೂಯಿಟ್ ಮುದುಕಿಯ ಮಗಳು ಟ್ಯಾನ್ಸಿ. ಹುಡುಕಾಟ ನಿಂತಿತು. ಮೂಳೆಗಳನ್ನು ಟ್ಯಾನ್ಸಿ ಎಂದೇ ಹೂತರು.

ಈ ವಸಂತದಲ್ಲಿ, ಹಲ್ಲಿನ ಬೇರಿನಲ್ಲಿ ಸುಡದೆ ಉಳಿದಿದ್ದ ಚೂರಿನ ಡಿಎನ್ಎ ಬೇರೆಯೇ ಹೇಳಿತು. ಗಂಡಸು. ಕೋರಾಳ ಗಂಡ ಎಮೆಟ್.

ಅಲ್ಲಿಯವರೆಗೆ ಅವನು ಜಗಳವಾಡಿ ರೀನೋ ನಗರಕ್ಕೆ ಓಡಿಹೋದನೆಂದೇ ಊರು ನಂಬಿತ್ತು. ಕೋರಾ ಕೂಡ.

"ಮೂರು ವರ್ಷ ನಿನ್ನ ಗಂಡನಿಗೆ ಹೂವಿಟ್ಟು ಅತ್ತಿದ್ದೀನಿ ಕಣೆ. ನಗು ಬರುತ್ತಲ್ವಾ?"

"ಇಲ್ಲ."

"ಗಂಡೋ ಹೆಣ್ಣೋ ಅಂತ ಗೊತ್ತಾಗದ ಮೇಲೆ ಏನು ಮಣ್ಣು ಓದ್ತಾರೆ ಅವರು?"

"ಸೊಂಟದ ಮೂಳೆ ಇದ್ದಿದ್ರೆ ಗೊತ್ತಾಗ್ತಿತ್ತು. ಅದು ಪುಡಿಯಾಗಿತ್ತು. ಉಳಿದಿದ್ದು ತೊಡೆಮೂಳೆಯ ಮೇಲ್ತುದಿಯ ಗುಂಡು. ಬೆಂಕಿಗೆ ಮೂಳೆ ಕುಗ್ಗುತ್ತೆ. ಕುಗ್ಗಿದ್ದನ್ನೇ ಅಳೆದ್ರೆ ಗಂಡಸಿನದೂ ಹೆಂಗಸಿನಷ್ಟೇ ಬರುತ್ತೆ."

"ಕುಗ್ಗುತ್ತೆ ಅನ್ನೋದು ಗೊತ್ತಿರ್ಲಿಲ್ವಾ ಅವರಿಗೆ?"

"ಗೊತ್ತಿತ್ತು. ನೀವು ದಿನಾ ಫೋನ್ ಮಾಡ್ತಿದ್ರಿ. ಬೇಗ ಒಂದು ಉತ್ತರ ಕೊಡಬೇಕಿತ್ತು."

"ಓಹೋ! ತಪ್ಪು ನಂದೇ ಆಯ್ತಾ? ಅವರ ಪರ ವಕಾಲತ್ತು ಬೇರೆ!" ಮುದುಕಿ ಹೊಸ್ತಿಲವರೆಗೂ ಬಂದಳು. "ಅಳೆದೋಳು ಯಾರೋ ವಿದ್ಯಾರ್ಥಿನಿಯಂತೆ. ಹೆಸರು ಹೇಳಲ್ವಂತೆ. ಅವಳ ಒಂದು ಮಾತಿಗೆ ನನ್ನ ಮಗಳನ್ನ ಹುಡುಕೋದೇ ಬಿಟ್ಟುಬಿಟ್ರು. ನಿನ್ನ ಗಂಡನ್ನೂ ಓಡಿಹೋದೋನು ಮಾಡಿದ್ಲು. ನಿನಗೆ ಹೊಟ್ಟೆ ಉರಿಯಲ್ವೇನೆ?"

ಕೋರಾ ಕೈಚೀಲದಿಂದ ಒಂದು ಹಿತ್ತಾಳೆಯ ಫಲಕ ತೆಗೆದು ಮುದುಕಿಯ ಕೈಗಿಟ್ಟಳು. ಹಳೆಯ ಸಮಾಧಿಯಿಂದ ಬಿಚ್ಚಿ ತಂದದ್ದು. ಟ್ಯಾನ್ಸಿ ಪ್ರೂಯಿಟ್. ಎಮೆಟ್ ಮೂರು ವರ್ಷ ಎರವಲು ಪಡೆದಿದ್ದ ಹೆಸರು.

ಮುದುಕಿ ಅಕ್ಷರಗಳ ಮೇಲೆ ಹೆಬ್ಬೆರಳಾಡಿಸಿದಳು.

"ಅವಳನ್ನ ಒಂದೇ ಒಂದು ಸಲ ಈ ಬಾಗಿಲಿಗೆ ಕರ್ಕೊಂಡು ಬಾ. ಮುಖಕ್ಕೆ ಉಗೀಬೇಕು."

ಕೋರಾ ಕನ್ನಡಕ ತೆಗೆದಳು.

"ಬಂದಿದ್ದೀನಿ. ಉಗೀರಿ."