ಬೆನ್ನ ಮೇಲೆ ಬರೆದದ್ದು

ದರ್ಜಿಯ ತುಟಿಗಳ ನಡುವೆ ಸಾಲಾಗಿ ಗುಂಡುಪಿನ್ನು, ಕೈಯಲ್ಲಿ ಸೀಮೆಸುಣ್ಣ. ಆಗಲೇ ಹೊಳೆಯಬೇಕೇ ಆ ಮಾತು! ಎಷ್ಟು ತಲೆ ಕೆರೆದುಕೊಂಡರೂ ಅವನು ಬರೆಯುತ್ತಿದ್ದ ನಾಟಕದ ಕೊನೆಗೆ ದಕ್ಕದೆ ಸತಾಯಿಸಿದ ಮಾತು. ಸಂಜೆಗೆ ತಾಲೀಮು ಬೇರೆ. ಬಿಟ್ಟರೆ ಸಿಕ್ಕದೆಂದು, ಅರೆಹೊಲಿದ ಕೋಟು ತೊಟ್ಟು ಅಳತೆಗೆ ನಿಂತಿದ್ದ ಗಿರಾಕಿಯ ಬೆನ್ನ ಮೇಲೇ ಗೀಚಿಬಿಟ್ಟ.

ಅಷ್ಟರಲ್ಲಿ ಗಿರಾಕಿಯ ಫೋನು ಬಡಕೊಂಡಿತು. "ಒಳಗೆ ಸರಿಯಾಗಿ ಕೇಳ್ಸಲ್ಲ, ಈಗ್ಬಂದೆ" ಎಂದವನೇ ಕೋಟಿನ ಸಮೇತ ಬೀದಿಗಿಳಿದ. ಕೂಗೋಣವೆಂದರೆ ಬಾಯಿ ತುಂಬ ಪಿನ್ನು. ಬರೆದ ನಿರಾಳಕ್ಕೆ ಮಾತು ತಲೆಯಿಂದ ಆಗಲೇ ಜಾರಿಹೋಗಿತ್ತು. "ಊಂ! ಊಂ!" ಎನ್ನುತ್ತ ದರ್ಜಿ ಬಿದ್ದೆನೋ ಕೆಟ್ಟೆನೋ ಎಂದು ಹಿಂದೆ ಓಡಿದ. ಯಾರಾದರೂ ಮೈ ತಾಗಿಸಿದರೆ ಮುಗಿಯಿತು, ಸುಣ್ಣ ಅಳಿಸಿಹೋಗುತ್ತದೆ.

ಗಿರಾಕಿ ಬಸ್ ಸ್ಟಾಪಿನ ಕಂಬಕ್ಕೆ ಇನ್ನೇನು ಒರಗಬೇಕು.

"ಅಯ್ಯೋ, ಒರಗ್ಬೇಡಿ ಅಣ್ಣಾ!"

ಕೂಗಿದ್ದು ದರ್ಜಿಯಲ್ಲ, ಗಿರಾಕಿಯ ಹಿಂದೆ ಸೂಟ್‌ಕೇಸು ಹಿಡಿದು ನಿಂತಿದ್ದ ಹೆಂಗಸು. ಅತ್ತು ಅತ್ತು ಅವಳ ಕಣ್ಣು ಊದಿಕೊಂಡಿದ್ದವು. "ಇನ್ನೊಂದ್ಸಲ ಓದ್ಕೋತೀನಿ, ಸ್ವಲ್ಪ ಹಾಗೇ ನಿಂತಿರಿ" ಎಂದು, ಮೆಲ್ಲಗೆ ಬಾಯಿಬಿಟ್ಟು ಓದಿದಳು: "ಬಾಗಿಲು ಹಾಕಿಕೊಂಡು ಹೋದದ್ದು ನೀನು. ಅಗುಳಿ ನಾನಿನ್ನೂ ಹಾಕಿಲ್ಲ."

ಬಸ್ಸು ಬಂದು ನಿಂತಿತು. ದರ್ಜಿ ಬಾಯಲ್ಲಿನ ಪಿನ್ನುಗಳನ್ನೂ ಮರೆತು ನೋಡುತ್ತಿದ್ದಂತೆ, ಅವಳು ಸೂಟ್‌ಕೇಸು ಎತ್ತಿಕೊಂಡು ಬಂದ ದಾರಿಯನ್ನೇ ಹಿಡಿದಳು.